ಪೈಪೋಟಿ ಇಲ್ಲದ ಸ್ಕೂಲು

ಯೂನಿಯನ್ ಸಿಟಿಯ ಶರಣಪ್ಪನಿಗೆ ಹೋಲಿಸಿ ನೋಡುವ ಚಟ. ವಿಜಯಪುರ ಬಿಟ್ಟು ಕಡಲಾಚೆ ಬಂದು ಇಪ್ಪತ್ತು ವರ್ಷವಾದರೂ ಈ ಚಟ ಅವನನ್ನು ಬಿಟ್ಟಿರಲಿಲ್ಲ. ತೊಗರಿಬೇಳೆಗೆ ಮೂರು ಗ್ರೋಸರಿ ಸುತ್ತುವವ. ಯಾವ ಫ್ರೀವೇ ಬೇಗ ಎಂದು ತಿಳಿಯಲು ಹೆಂಡತಿಯನ್ನು ಒಂದರಲ್ಲಿ ಕಳಿಸಿ ತಾನು ಇನ್ನೊಂದರಲ್ಲಿ ಬರುವವ. ಹೆಂಡತಿ ಆರತಿ ಹೇವರ್ಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು. "ನನ್ನ ಮದುವಿ ಆಗೂ ಮುಂದ ಎಷ್ಟ್ ಮಂದಿನ್ನ ತೂಗಿ ನೋಡಿದ್ರಿ?" ಎಂದು ಅವನನ್ನು ಕಾಡಿಸುತ್ತಿದ್ದಳು. ಅವನು ನಗುತ್ತಿದ್ದ. ಕೆಟ್ಟ ಮನುಷ್ಯನಂತೂ ಅಲ್ಲ. ಒಬ್ಬಳೇ ಮಗಳು ಹೇಮಶ್ರೀ ಎಂದರೆ ಅವನಿಗೆ ಪ್ರಾಣ, ಅದೇ ಮುಳುವಾಯಿತು.

ಹೇಮಶ್ರೀ ಜಾಣೆ. ಆದರೆ ಅವಳ ಹೈಸ್ಕೂಲಿನಲ್ಲಿ ಜಾಣರಿಗೇನು ಬರ? ಎಷ್ಟು ಓದಿದರೂ ಅವಳ ಹೆಸರು ಎಲ್ಲೋ ನಡುವೆ ಇರುತ್ತಿತ್ತು. ಪರೀಕ್ಷೆ ಬಂತೆಂದರೆ ಹುಡುಗಿಗೆ ಹೊಟ್ಟೆನೋವು. ಅಷ್ಟರಲ್ಲಿ ಶರಣಪ್ಪನ ಕಣ್ಣಿಗೆ ಒಂದು ನಿಯಮ ಬಿತ್ತು. ಯಾವ ಸರ್ಕಾರಿ ಹೈಸ್ಕೂಲೇ ಆಗಲಿ, ಅಲ್ಲಿ ಎಲ್ಲರಿಗಿಂತ ಮುಂದಿರುವ ಕೆಲವು ಮಕ್ಕಳಿಗೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಜಾಗ ಖಾತ್ರಿ. ತಗೊಳ್ಳಿ, ಹತ್ತಿತು ನೋಡಿ ಹುಚ್ಚು. ಒಳ್ಳೆಯ ಸ್ಕೂಲಿಗಾಗಿ ಜನ ಮನೆಮಠ ಬದಲಿಸುವ ಊರಿನಲ್ಲಿ ಈ ಮಹಾರಾಯ ಸಾಧಾರಣ ಸ್ಕೂಲು ಹುಡುಕಲು ಕೂತ. ಗುಡ್ಡದಾಚೆ, ಬಾದಾಮಿ ತೋಟಗಳ ಹಳ್ಳಿಗಾಡಿನ ಕೌಂಟಿಯ ಹೈಸ್ಕೂಲುಗಳನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದ. ಒಂದು ಕಡೆ ಗಣಿತ ಚೆನ್ನಾಗಿ ಕಲಿಸುತ್ತಿದ್ದರು, ಆದರೆ ಡಾಕ್ಟರುಗಳ ಮಕ್ಕಳು ಜಾಸ್ತಿ ಎಂದು ಬಿಟ್ಟ. ಕೊನೆಗೆ ಆರಿಸಿದ್ದು, ಕಾಲೇಜಿಗೆ ಹೋಗುವವರೇ ಕಡಿಮೆ ಇದ್ದ ಒಂದು ಸಣ್ಣ ಸ್ಕೂಲನ್ನು.

"ಅಲ್ರೀ, ಎಲ್ಲಾರೂ ಮಕ್ಕಳನ್ನ ಮ್ಯಾಲ ಹತ್ತಸಾಕ ನೋಡ್ತಾರ, ನೀವು ಕೆಳಗ ಇಳಸ್ತೀರಲ್ಲ?" ಎಂದಳು ಆರತಿ.

"ಅಲ್ಲಿ ಆಕಿನ ಫಸ್ಟ್ ಬರ್ತಾಳ. ನೀ ನೋಡ್ತಿರು."

ಮಗಳಿಗೆ ಹೇಳಿದ್ದೇ ಬೇರೆ. ಅಲ್ಲಿ ಗದ್ದಲವಿಲ್ಲ, ಒತ್ತಡವಿಲ್ಲ, ನಿನ್ನ ನೆಮ್ಮದಿಗಾಗಿ ಹೋಗೋಣ ಎಂದ. ಅಪ್ಪನಿಗೆ ತನ್ನ ಸಂಕಟ ತಿಳಿಯಿತಲ್ಲ ಎಂದು ಆ ಹುಡುಗಿ ಅವನನ್ನು ತಬ್ಬಿಕೊಂಡು ಅತ್ತಳು.

ಶರಣಪ್ಪನ ಕೆಲಸ ಮನೆಯಿಂದಲೇ ನಡೆಯುತ್ತಿತ್ತು. ಆರತಿ ಯೂನಿಯನ್ ಸಿಟಿಯಲ್ಲಿ ಉಳಿದಳು, ಅಪ್ಪ ಮಗಳು ಆ ಸ್ಕೂಲಿದ್ದ ಊರಿನ ಅಪಾರ್ಟ್‌ಮೆಂಟಿಗೆ ಹೋದರು. ಹೊಸ ಸ್ಕೂಲಿನಲ್ಲಿ ಒಬ್ಬಳೇ ಊಟಕ್ಕೆ ಕೂತಿದ್ದ ಹೇಮಶ್ರೀಯನ್ನು ಕೈಹಿಡಿದು ತನ್ನ ಪಕ್ಕಕ್ಕೆ ಕರೆದುಕೊಂಡವಳು ಅದೇ ತರಗತಿಯ ಯೆಸೆನಿಯಾ. ಅವಳ ಅಪ್ಪ ತೋಟದಲ್ಲಿ ಕೂಲಿ, ಅಮ್ಮ ಬಾದಾಮಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತುವ ಮೊದಲನೆಯವಳು ಇವಳೇ ಎಂದು ಮೇಷ್ಟ್ರುಗಳೆಲ್ಲ ನಂಬಿದ್ದರು. ಇಬ್ಬರೂ ಒಟ್ಟಿಗೇ ಓದುತ್ತಿದ್ದರು. ಶರಣಪ್ಪನ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಯೆಸೆನಿಯಾ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿನ್ನುತ್ತಿದ್ದಳು. ಸಂಜೆ ಅವಳನ್ನು ಮನೆಗೆ ಬಿಡುವವನು ಅವನೇ. ಹೇಮಶ್ರೀಯ ಹೊಟ್ಟೆನೋವು ಎತ್ತಹೋಯಿತೋ.

ಕೊನೆಯ ವರ್ಷ, ಖಾತ್ರಿ ಜಾಗ ಯಾರಿಗೆ ಎಂಬುದು ಗೊತ್ತಾಯಿತು. ಹೇಮಶ್ರೀ ಎಲ್ಲರಿಗಿಂತ ಮುಂದೆ. ಯೆಸೆನಿಯಾಗೆ ಒಂದೇ ಒಂದು ಸ್ಥಾನದಿಂದ ಅದು ತಪ್ಪಿಹೋಗಿತ್ತು. ಹೇಮಶ್ರೀ ಆ ಊರಿಗೆ ಬಾರದಿದ್ದರೆ ಅವಳಿಗೂ ಸಿಗುತ್ತಿತ್ತು. ತನ್ನ ಗ್ರಹಚಾರ ಗೆಳತಿಗೆ ತಗುಲಿತು ಎಂದು ಹೇಮಶ್ರೀ ಅತ್ತಳು. ಯೆಸೆನಿಯಾಳೇ ಸಮಾಧಾನ ಮಾಡಿದಳು.

ಅದೇ ವಾರ ಶರಣಪ್ಪ ಇಬ್ಬರನ್ನೂ ಕರೆದುಕೊಂಡು ಬರುತ್ತಿದ್ದಾಗ ಪರಿಚಯದವನಾದ ಸ್ಯಾನ್ ಹೊಸೆಯ ವೆಂಕಟಾಚಲನ ಫೋನು ಬಂತು. ಕಾರಿನ ಸ್ಪೀಕರಿನಲ್ಲೇ ಎತ್ತಿಕೊಂಡ.

"ಕಂಗ್ರಾಟ್ಸ್ ಸಾರ್. ನಮ್ ಮಗ ಯಶಸ್‌ನೂ ಆ ಕಡೆ ಸ್ಕೂಲಿಗೇ ಹಾಕ್ಬಿಡೋಣ ಅಂತ ಇದೀನಿ. ಹೆಂಗೆ ಆರಿಸಿದ್ರಿ ಅದನ್ನ?"

ಸ್ಕೂಲಿನ ಮಾತು ಎತ್ತಿದರೆ ಶರಣಪ್ಪನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಹಿಂದೆ ಕೂತವರಲ್ಲಿ ಒಬ್ಬಳಿಗೆ ಕನ್ನಡ ಬಾರದು. ಇನ್ನೊಬ್ಬಳು ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ ಎಂಬುದೇ ಆ ಘಳಿಗೆಯಲ್ಲಿ ಹೆತ್ತಪ್ಪನ ತಲೆಗೆ ಬರಲಿಲ್ಲ.

"ಪಾಠ ಹೆಂಗ ಮಾಡ್ತಾರ ಅಂತ ನೋಡಬ್ಯಾಡ್ರಿ. ಪೈಪೋಟಿ ಎಲ್ಲಿ ಇಲ್ಲ ಅದನ್ನ ನೋಡ್ರಿ. ಇಲ್ಲೆಲ್ಲಾ ತ್ವಾಟದಾಗ ದುಡಿಯೋರ ಮಕ್ಳು. ಒಂದಿಬ್ರು ಶ್ಯಾಣ್ಯಾರು ಇರ್ತಾರ, ಅವರನ್ನ ದಾಟಿದ್ರ ಮುಗೀತು. ಅದಕ್ಕ ಅಲ್ಲೇನು, ನಾ ಈಕಿನ್ನ ಇಲ್ಲಿಗೆ ತಂದಿದ್ದು."

"ನಿಮ್ಮಪ್ಪ ಏನು ಹೇಳ್ತಿದಾರೆ?" ಎಂದು ಯೆಸೆನಿಯಾ ಇಂಗ್ಲಿಷಿನಲ್ಲಿ ಕೇಳಿದಳು.

ಶರಣಪ್ಪ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಗಡಬಡಿಸಿ ಫೋನು ಕಟ್ ಮಾಡಿದ.

"ನಮ್ಮ ಸ್ಕೂಲು ಒಳ್ಳೇದು ಅಂತಿದಾರೆ" ಎಂದಳು ಹೇಮಶ್ರೀ.

"ಒಳ್ಳೇದೇ ಅಲ್ವಾ ಮತ್ತೆ" ಎಂದು ಯೆಸೆನಿಯಾ ನಕ್ಕು ತನ್ನ ಮನೆಯ ಮುಂದೆ ಇಳಿದು, ಎಂದಿನಂತೆ ಥ್ಯಾಂಕ್ಸ್ ಹೇಳಿ ಹೋದಳು.

ಅಂದಿನಿಂದ ಮಗಳು ಅವನ ಜೊತೆ ಊಟಕ್ಕೆ ಕೂರಲಿಲ್ಲ. ವಸಂತದಲ್ಲಿ ಅವಳಿಗೆ ಸೀಟು ಬಂತು, ಯೆಸೆನಿಯಾಗೆ ಬರಲಿಲ್ಲ. ಶರಣಪ್ಪ ತಂದ ಪೇಢೆ ಡಬ್ಬಿಯಲ್ಲೇ ಒಣಗಿತು. ಒಂದು ದಿನ ಅವನಿಗೆ ತಡೆಯಲಾಗಲಿಲ್ಲ.

"ತಪ್ಪಾತವ್ವಾ. ನಿನಗ ಆ ಸೀಟು ಬ್ಯಾಡಾದ್ರ ಬಿಟ್ಟಬಿಡು. ನಿನ್ನ ನಾ ಬ್ಯಾರೆ ಕಡೆ ಓದಸ್ತೀನಿ. ಅದು ಆ ಹುಡುಗಿಗೇ ಸಿಗ್ಲಿ."

"ಕೇಳಿ ಬಂದಿದೀನಿ ಅಪ್ಪಾ" ಎಂದಳು ಹೇಮಶ್ರೀ, ತನ್ನ ಇಂಗ್ಲಿಷಿನಲ್ಲಿ, ಮೆಲ್ಲಗೆ. "ನನ್ನ ಜಾಗ ಅವಳಿಗೆ ಕೊಡಿ ಅಂತ ಸ್ಕೂಲಿನ ಕೌನ್ಸೆಲರ್ ಹತ್ರ ಹೋಗಿದ್ದೆ. ಹಾಗೆಲ್ಲ ಕೊಡೋಕೆ ಬರಲ್ಲವಂತೆ. ನಾನು ಬಿಟ್ಟರೂ ಅವಳಿಗೆ ಸಿಗಲ್ಲ." ಆಮೇಲೆ ಹೇಳಿದಳು, "ಅವಳಿಗೆ ನಾನು ಏನೂ ಹೇಳಿಲ್ಲ. ನೀನೂ ಹೇಳಬೇಡ. ಅವಳಿಗೆ ನೀನು ಅಂದರೆ ಬಹಳ ಇಷ್ಟ. ಆದರೆ ನನ್ನನ್ನ ಕಾಲೇಜಿಗೆ ಬಿಡೋಕೆ ನೀನು ಬರಬೇಡ."

ಆಗಸ್ಟಿನಲ್ಲಿ ಆರತಿ ಬಂದು ಮಗಳನ್ನು ಕರೆದೊಯ್ದಳು. ಪ್ಯಾಕಿಂಗ್ ಶೆಡ್ಡಿಗೆ ಕೆಲಸಕ್ಕೆ ಸೇರಿದ್ದ ಯೆಸೆನಿಯಾ ರಜೆ ಹಾಕಿ ಸಾಮಾನು ಏರಿಸಲು ಬಂದಿದ್ದಳು. ಗೆಳತಿಯರು ತಬ್ಬಿಕೊಂಡು ಅತ್ತರು. ಹೇಮಶ್ರೀ ಅಪ್ಪನ ಕಡೆ ನೋಡದೆ ಕಾರು ಹತ್ತಿದಳು.

ಕಾರು ಹೋದ ಮೇಲೆ ಶರಣಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು ಚಿಕ್ಕ ಹುಡುಗನ ಹಾಗೆ ಅತ್ತ. ಯೆಸೆನಿಯಾ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು. "ಅಳಬೇಡಿ ಅಂಕಲ್. ನೀವು ಅವಳನ್ನ ಈ ಊರಿಗೆ ಕರಕೊಂಡು ಬರದಿದ್ದರೆ ನನಗೆ ಅಂಥ ಗೆಳತಿ ಎಲ್ಲಿ ಸಿಗ್ತಿದ್ದಳು, ಹೇಳಿ" ಎಂದಳು.