ಸಾಣೆಕಲ್ಲಿನ ಮೇಲೆ ಒಂದು ಸುತ್ತು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಅಪ್ಪನ ಮಗ್ಗದ ಸದ್ದನ್ನೂ ಮೀರಿ ಅಕ್ಕ ನನ್ನನ್ನು ಕೂಗಿದಾಗ ಕೈಯಲ್ಲಿದ್ದ ಫೋನು ಅಷ್ಟು ತೋರಿಸುತ್ತಿತ್ತು. ಅವಳ ಎಂಟು ತಿಂಗಳ ಮಗಳು ಕುಡಿದ ಹಾಲನ್ನೆಲ್ಲ ಕಾರಿಕೊಂಡಿದ್ದಳು. ಜೊಲ್ಲು ನಿಲ್ಲದೆ ಸುರಿಯುತ್ತಿತ್ತು. ಅಂಗಾಲು ಮುಟ್ಟಿದರೆ ತಣ್ಣಗೆ.

ಬಾಣಂತನಕ್ಕೆ ಬಂದ ಅಕ್ಕ ಗುಳೇದಗುಡ್ಡದ ನಮ್ಮ ಮನೆಯಲ್ಲೇ ಇನ್ನೂ ಇದ್ದಳು. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಎರೆದ ಮೇಲೆ ಸಾಣೆಕಲ್ಲಿನ ಮೇಲೆ ಬಜೆ, ಅಳಲೆಕಾಯಿ, ಜಾಯಿಕಾಯಿ ತೇಯ್ದು ಎದೆಹಾಲಿನಲ್ಲಿ ನೆಕ್ಕಿಸುವುದು ಅವ್ವನ ಕೆಲಸ. ಅವಳ ಅಳತೆ ಸುತ್ತಿನದು. ಬೇರನ್ನು ಕಲ್ಲಿನ ಮೇಲೆ ಒಮ್ಮೆ ದುಂಡಗೆ ತಿರುಗಿಸಿದರೆ ಒಂದು ಸುತ್ತು. ನಾವಿಬ್ಬರೂ ಆ ಸುತ್ತಿನಲ್ಲೇ ಬೆಳೆದವರು.

ಆ ವಾರ ಕೂಸಿಗೂ ನೆಗಡಿ, ಅಪ್ಪನಿಗೂ ನೆಗಡಿ. ಅಪ್ಪ ಬಾದಾಮಿಯ ಆಯುರ್ವೇದ ವೈದ್ಯರಿಂದ ಒಂದು ಡಬ್ಬಿ ಕೆಂಪು ಮಾತ್ರೆ ತಂದಿದ್ದ. ಅಂದು ಬೆಳಿಗ್ಗೆ ಅವ್ವನ ಕಲ್ಲಿನ ಮೇಲೆ ಕೆಂಪು ಕಂಡಿದ್ದೆ. ರಕ್ತಚಂದನವಿರಬೇಕು ಅಂದುಕೊಂಡು ಫೋನಿಗೆ ತಿರುಗಿದೆ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದವಳು ನಾನು. ಆ ಕೆಂಪು ಈಗಲೂ ಕಣ್ಣಮುಂದೆ ಬರುತ್ತದೆ. ಪ್ರತಿ ಸಲವೂ ಕೇಳಬೇಕೆಂದು ಬಾಯಿ ತೆರೆಯುತ್ತೇನೆ, ಪ್ರತಿ ಸಲವೂ ಅವ್ವ ಆಗಲೇ ಕೂಸಿನ ನಾಲಿಗೆಗೆ ಬೆರಳು ಮುಟ್ಟಿಸಿರುತ್ತಾಳೆ.

ಪಕ್ಕದ ಮನೆಯವರ ಕಾರಿನಲ್ಲಿ ಬಾಗಲಕೋಟೆಗೆ ಓಡಿದೆವು. ದವಾಖಾನೆಯಲ್ಲಿ ಮಕ್ಕಳ ಡಾಕ್ಟರು ಕೂಸಿನ ಎದೆ ಪರೀಕ್ಷಿಸುತ್ತಲೇ ಕೇಳಿದರು: “ಮುಂಜಾನಿಂದ ಏನೇನ್ ಕೊಟ್ಟೀರಿ ಇದಕ್ಕ?”

“ಬರೇ ಬಜಿ ತೇದು ನೆಕ್ಕಿಸೇನ್ರಿ,” ಅಂದಳು ಅವ್ವ.

“ಬಜಿಗೆ ಹಿಂಗಾಗೂದಿಲ್ರಿ, ಅವ್ವಾರ. ಎದಿಬಡಿತ ತಪ್ಪಾಕತ್ತೇತಿ. ನಾ ಬೈಯೂದಿಲ್ಲ. ಏನ್ ಹೊಟ್ಟ್ಯಾಗ ಹೋಗೇತಿ ಅಂತ ಗೊತ್ತಾಗಬೇಕು.”

ಅವ್ವ ಗೋಡೆ ನೋಡಿದಳು. ಅಕ್ಕನ ಮುಖ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅಪ್ಪನ ಮಾತ್ರೆ ಡಬ್ಬಿ. ದಾರಿಯುದ್ದಕ್ಕೂ ಅದನ್ನು ಹಿಡಿದುಕೊಂಡೇ ಬಂದಿದ್ದಳು.

“ಒಂದ ಸುತ್ತರೀ. ಭಾಳ ಇಲ್ಲ.”

ಡಾಕ್ಟರು ಡಬ್ಬಿಗೆ ಅಂಟಿಸಿದ್ದ ಚೀಟಿ ಓದಿದರು. ಇಂಗಳೀಕ, ಅಂದರೆ ಪಾದರಸದ ಅದಿರು. ಜೊತೆಗೆ ವತ್ಸನಾಭ, ಹೆಚ್ಚಾದರೆ ಎದೆಬಡಿತವನ್ನೇ ಕೆಡಿಸುವ ಗಡ್ಡೆ. ಡಬ್ಬಿಯ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನು ಹಚ್ಚಿದರು. ಬಾದಾಮಿಯ ವೈದ್ಯರು ಏನನ್ನೂ ಮುಚ್ಚಿಡದೆ ಒಂದು ಮಾತ್ರೆಯಲ್ಲಿ ಯಾವುದು ಎಷ್ಟಿದೆ ಎಂದು ಹೇಳಿದರು. ಫೋನಿಟ್ಟ ಡಾಕ್ಟರು ಅವ್ವನಿಗೆ, “ಡಬ್ಬಿ ತಂದಿದ್ದು ಭಾಳ ಚಲೋ ಆತು,” ಅಂದರು. ಅವ್ವ ಅಳತೊಡಗಿದ್ದು ಆಗಲೇ.

ಎರಡು ದಿನ ಕೂಸಿನ ಎದೆಯ ಮೇಲೆ ವಯರುಗಳಿದ್ದವು. ಮೂರನೆಯ ದಿನ ಅದರಲ್ಲೊಂದನ್ನು ಕಿತ್ತು ಬಾಯಿಗಿಟ್ಟುಕೊಂಡು ನರ್ಸಿನತ್ತ ನೋಡಿ ನಕ್ಕಿತು. “ನನ್ನ ನೆಗಡೀನೂ ಓಡಿಹೋತು ನೋಡ್ರಿ, ಅಂಜಿಕೀಗೆ,” ಅಂದ ಅಪ್ಪ. ಅವ್ವ ಅವನನ್ನು ಕಣ್ಣಲ್ಲೇ ಸುಟ್ಟಳು.

ಮುಂದಿನ ವಾರ ಬಾದಾಮಿಯ ವೈದ್ಯರಲ್ಲಿಗೂ ಹೋದೆವು. “ಬೇರಿನ ಸುತ್ತು ಬ್ಯಾರೆ, ಮಾತ್ರಿ ಸುತ್ತು ಬ್ಯಾರೆ ರೀ,” ಅಂದರು ಅವರು. “ಬೇರು ಕಲ್ಲಿಗೆ ಒಂಚೂರು ಬಣ್ಣ ಬಿಡ್ತೈತಿ, ಅಷ್ಟ. ಮಾತ್ರಿ ನೀರು ಕಂಡ್ರ ಅರ್ಧಾನ ಕರಗಿ ಬರ್ತೈತಿ. ಇದು ಯಜಮಾನ್ರ ವಯಸ್ಸು, ಇವ್ರ ಮೈ ನೋಡಿ ಕೊಟ್ಟಿದ್ದು. ಮಕ್ಕಳಿಗೆ ಕೊಡಬ್ಯಾಡ್ರಿ ಅಂತ ಚೀಟಿ ಮ್ಯಾಲ ಬರದಿದ್ದೆ, ಬಾಯಿಲೆ ಹೇಳಲಿಲ್ಲ. ಅದು ನನ್ನ ತಪ್ಪು.” ಈಗ ಅಪ್ಪನ ಔಷಧಿ ಅಪ್ಪನ ಹೆಸರು ಹೊತ್ತು ಗೋಡೆಯ ಎತ್ತರದ ಮಾಡದಲ್ಲಿದೆ. ಕೂಸಿನ ರಕ್ತ ಪರೀಕ್ಷೆ ಮಾಡಿಸಿದೆವು. ಪಾದರಸದ ಚಿಂತೆಯಿಲ್ಲ ಎಂದರು.

ಕೂಸು ಚೆನ್ನಾಗಿ ನಿದ್ದೆ ಮಾಡುತ್ತಿತ್ತು. ಎಚ್ಚರವಿರುತ್ತಿದ್ದವರು ನಾವು. ಒಬ್ಬರಾದ ಮೇಲೊಬ್ಬರು ಎದ್ದು ಅದರ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆವು. ಅವ್ವ ಮಾತ್ರ ಹತ್ತಿರ ಬರುತ್ತಿರಲಿಲ್ಲ. ಸಾಣೆಕಲ್ಲನ್ನು ಬೋರಲು ಹಾಕಿಟ್ಟಿದ್ದಳು, ಎರೆಯುವುದನ್ನೂ ಬಿಟ್ಟಿದ್ದಳು.

ಒಂದು ಸೋಮವಾರ ಅಕ್ಕ ಕೂಸನ್ನು ತಂದು ಅವ್ವನ ಕಾಲ ಮೇಲೆ ಮಲಗಿಸಿದಳು.

“ಎರಿ ಬೇ. ನನಗ ಬರೂದಿಲ್ಲ. ನಿನ್ನಿ ಕಣ್ಣಾಗ ಸಾಬಾಣ ಹಾಕೇನಿ.”

“ನನ್ನ ಕೈಯಾಗ ಕೊಡ್ತೀ ಏನು?”

“ಮತ್ಯಾರ ಕೈಯಾಗ ಕೊಡ್ಲಿ? ಕಲ್ಲಷ್ಟ ಬ್ಯಾಡ.”

ಅವ್ವ ಎಣ್ಣೆಯ ಬಟ್ಟಲಿಗೆ ಕೈ ಹಾಕಿದಳು. ಕೂಸು ಎಂದಿನಂತೆ ಓಣಿಗೆಲ್ಲ ಕೇಳುವಂತೆ ಕಿರುಚಿತು, ಎರೆದ ಮೇಲೆ ಅವಳ ಮಗ್ಗುಲಲ್ಲೇ ಮಲಗಿತು. ರಾತ್ರಿಯೂ ಅಲ್ಲೇ.

ಮರುದಿನ ನನ್ನನ್ನು ಎಬ್ಬಿಸಿದ್ದು ಪಕ್ಕದ ಮನೆಯ ಮಗ್ಗದ ಸದ್ದು. ಏಳೂವರೆ. ನಮ್ಮ ಮಗ್ಗ ಇನ್ನೂ ಸುಮ್ಮನಿತ್ತು. ಅಪ್ಪ ಗೊರಕೆ ಹೊಡೆಯುತ್ತಿದ್ದ. ಅಕ್ಕನೂ ಮಿಸುಕಿರಲಿಲ್ಲ. ಅವ್ವನ ತೋಳಿನ ಮೇಲೆ ಕೂಸು, ಅಜ್ಜಿ ಮೊಮ್ಮಗಳಿಬ್ಬರ ಬಾಯಿಯೂ ಒಂದೇ ತೆರನಾಗಿ ತೆರೆದಿತ್ತು. ಮೂಗಿನ ಹತ್ತಿರ ಬೆರಳು ಹಿಡಿಯಲು ಬಗ್ಗಿದವಳಿಗೆ ಆಗ ಹೊಳೆಯಿತು: ರಾತ್ರಿ ನಮ್ಮಲ್ಲಿ ಯಾರೂ ಒಮ್ಮೆಯೂ ಎದ್ದಿರಲಿಲ್ಲ.