ಔಷಧಿ ಮುಟ್ಟದ ಹುಳು

ನನ್ನ ಓರಗೆಯವರೆಲ್ಲ ಮನೆ, ಮಕ್ಕಳು, ಕಾರು ಅಂತ ಮುಂದೆ ಹೋದರು. ನಾನು ಮಾತ್ರ ನಮ್ಮೂರು ಹರಪನಹಳ್ಳಿಯ ಕೀರ್ತಿ ಹೆಚ್ಚಿಸಲೆಂದು ಆರು ವರ್ಷ ಹಿಕ್ಕೆ ಆರಿಸಿದೆ. ಚಿಗರಿಯ, ಅಂದರೆ ಕೃಷ್ಣಮೃಗದ ಹಿಕ್ಕೆ. ಕೂಡ್ಲಿಗಿಯಿಂದ ಚಿಗಟೇರಿಯವರೆಗಿನ ಕುರುಚಲು ಕಾಡಿನಲ್ಲಿ ನಾನು ಸೊಂಟ ಬಗ್ಗಿಸದ ಜಾಗವಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ, ಅಷ್ಟು ಗೌರವ!

ಸಂಶೋಧನೆ ಇಷ್ಟೇ. ಕುರಿಗಳಿಗೆ ಜಂತುಹುಳುವಿನ ಔಷಧಿ ಕುಡಿಸಿ ಕುಡಿಸಿ, ಹುಳುಗಳು ಅದಕ್ಕೆ ಜಗ್ಗದಂತಾಗಿವೆ. ಆ ಗುಣ ವಂಶವಾಹಿಯಲ್ಲಿ ಹುಳುವಿನಿಂದ ಹುಳುವಿಗೆ ಇಳಿಯುತ್ತದೆ. ಕುರಿ ಮೇಯ್ದ ಹುಲ್ಲನ್ನೇ ಚಿಗರಿಯೂ ಮೇಯುತ್ತದೆ. ಹಾಗಿರುವಾಗ ಚಿಗರಿಯ ಹೊಟ್ಟೆಯಲ್ಲಾದರೂ ಔಷಧಿ ಕಾಣದ ಹಳೇ ವಂಶದ ಹುಳು ಉಳಿದಿದೆಯೇ? ಇಲ್ಲ ಎಂದೇ ಪ್ರತಿ ಹಿಕ್ಕೆಯೂ ಹೇಳಿತು. "ಇಲ್ಲ ಅನ್ನೋದಕ್ಕೆ ಯಾರಮ್ಮ ಡಾಕ್ಟರೇಟ್ ಕೊಡ್ತಾರೆ? ಈ ಬೇಸಿಗೆಯೊಳಗೆ ಸಿಗದಿದ್ರೆ ಬಿಟ್ಟುಬಿಡು," ಎಂದರು ನನ್ನ ಗೈಡ್. ಎಷ್ಟು ಕರುಣೆ!

ಚಿಗಟೇರಿಯ ಹತ್ತಿರ ಕುರಿ ಮೇಯಿಸುವ ಅಜ್ಜಿಯೊಬ್ಬಳಿದ್ದಳು. ಎಷ್ಟೋ ಮಧ್ಯಾಹ್ನ ಅವಳ ಬುತ್ತಿಯ ರೊಟ್ಟಿಯೇ ನನ್ನ ಊಟ. ಅಂದು ಅವಳ ಮುಂದೆ ಅತ್ತೇಬಿಟ್ಟೆ.

"ಅಜ್ಜಿ, ಔಷಧಿ ಮುಟ್ಟದ ಪ್ರಾಣಿದು ಹಿಕ್ಕಿ ಬೇಕಾಗೈತಿ. ಸಿಗಲಿಲ್ಲಂದ್ರ ನನ್ನ ಓದು ಮುಗೀತು."

"ಇಷ್ಟಕ್ಕ ಅಳ್ತಾರೇನ ಹುಚ್ಚಿ? ನಾ ತಂದುಕೊಡ್ತೀನಿ, ಸುಮ್ನಿರು."

ವಾರದೊಳಗೆ ಕ್ಯಾರಿಬ್ಯಾಗ್ ತುಂಬ ತಂದುಕೊಟ್ಟಳು. ಲ್ಯಾಬಿನಲ್ಲಿ ನೋಡಿದರೆ, ಅಬ್ಬಾ, ಒಂದೊಂದು ಹುಳುವೂ ಅಪ್ಪಟ ಹಳೇ ವಂಶದ್ದು! ಕುಣಿದೆ. ಪೇಡೆ ಹಂಚಿದೆ. ಆರು ವರ್ಷದಲ್ಲಿ ಮೊದಲ ಸಲ ಗೈಡ್ ನಕ್ಕರು. "ಚಿಗರಿಯಲ್ಲಿ ಉಳಿದ ಮೂಲ ವಂಶ" ಎಂದು ಒಂದು ಅಧ್ಯಾಯವನ್ನೇ ಬರೆದೆ. ಹಿಕ್ಕೆ ಯಾವ ಪ್ರಾಣಿಯದೆಂದು ಪರೀಕ್ಷಿಸುವ ಸಣ್ಣ ಕೆಲಸವೊಂದು ಬಾಕಿ ಇತ್ತು. ಮಹಾ ವಿಜ್ಞಾನಿಗೆ ಅಂಥದ್ದಕ್ಕೆಲ್ಲ ಪುರುಸೊತ್ತೆಲ್ಲಿ?

ಪ್ರಬಂಧ ಒಪ್ಪಿಸುವ ಮುನ್ನ ಅಜ್ಜಿಗೊಂದು ಸೀರೆ ಒಯ್ದೆ. ಆ ಚಿಗರಿ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ಚಿಗರೀದು ಯಾಕಬೇ? ಅದು ನಮ್ಮ ದೇವರಿಗೆ ಬಿಟ್ಟ ಟಗರಿಂದು." ಬೇಲಿಯ ಹತ್ತಿರ ನಿಂತಿದ್ದ ಭಾರಿ ಕೊಂಬಿನ ಟಗರನ್ನು ತೋರಿಸಿದಳು. "ದೇವರ ಪ್ರಾಣಿಗೆ ಸೂಜಿ, ಔಷಧಿ ಏನೂ ಮುಟ್ಟಸಂಗಿಲ್ಲ, ಬ್ಯಾರೆ ಕುರಿ ಮೇಯ್ದ ಹುಲ್ಲೂ ಮೇಯಸಂಗಿಲ್ಲ. ಹುಟ್ಟಿದಾಗಿಂದ ಒಂದು ಹನಿ ಕುಡಿದಿಲ್ಲ ನೋಡು."

"ನಾ ಕೇಳಿದ್ದು ಚಿಗರೀದು, ಅಜ್ಜಿ!"

"ಎಲ್ಲಿ ಅಂದಿ? ಔಷಧಿ ಮುಟ್ಟದ್ದು ಬೇಕು ಅಂದಿ, ತಂದುಕೊಟ್ಟೆ. ಯಾಕ, ಹುಳ ಚಲೋ ಇರಲಿಲ್ಲೇನು?"

ಚೆನ್ನಾಗೇ ಇದ್ದವು. ನಾನು ಚಿಗರಿ ಎಂದಿರಲೂ ಇಲ್ಲ. ಯಾರ ಮೇಲಾದರೂ ಸಿಟ್ಟು ಮಾಡೋಣವೆಂದರೆ ಅಲ್ಲಿ ನನ್ನಷ್ಟು ಯೋಗ್ಯರು ಇನ್ಯಾರೂ ಇರಲಿಲ್ಲ.

ಅಲ್ಲಿಂದಲೇ ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆ ಅಜ್ಜಿ ನಿನ್ನ ಪ್ರಬಂಧ ಓದ್ತಾಳೇನಮ್ಮ?"

"ಇಲ್ಲ ಸರ್."

"ಮತ್ತೆ? ಇನ್ಯಾರಿಗೆ ಗೊತ್ತು?"

ಹೂಂ ಅಂದಿದ್ದರೆ ಸಾಕಿತ್ತು, ಡಾಕ್ಟರಮ್ಮ ಆಗಿರುತ್ತಿದ್ದೆ. ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ?

"ನನಗೆ ಗೊತ್ತಲ್ಲ ಸರ್," ಎಂದೆ.

ಫೋನ್ ಇಟ್ಟುಬಿಟ್ಟರು.