ಮಾತಿಗೆ ಕಿವಿಯಾಗಿ ದೇಶ ಸುತ್ತುವ ಸ್ಟೆನೋ ಅಕ್ಕ

ಬೆಳಗಿನ ಆರೂ ಇಪ್ಪತ್ತು. ಪರದೇಶದ ಊರೊಂದರಲ್ಲಿ, ಲಾಂಡ್ರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಿಂದ ಐವತ್ತೊಂಬತ್ತರ ಹೆಂಗಸೊಬ್ಬರು ಮೆಟ್ಟಿಲಿಳಿಯುತ್ತಿದ್ದಾರೆ. ಹೆಗಲಿಗೆ ಕಪ್ಪು ಚೀಲ. ಒಂದು, ಎರಡು, ಮೂರು ಎಂದು ಮೆಟ್ಟಿಲುಗಳನ್ನು ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಎಣಿಸುತ್ತಾರೆ. "ಇಲ್ಲಿ ನಮ್ಮ ಮಾತು ಆಡೋರು ಯಾರೂ ಇಲ್ಲ. ದಿನಕ್ಕೆ ಇಪ್ಪತ್ತೆರಡು ಮೆಟ್ಟಿಲು, ಹತ್ತೋಕೊಂದ್ಸಲ ಇಳಿಯೋಕೊಂದ್ಸಲ. ಅಷ್ಟಾದ್ರೂ ಮಾತಾಡಿದ ಹಾಗಾಯ್ತು" ಎಂದು ನಗುತ್ತಾರೆ.

ಎರಡು ಬೀದಿ ದಾಟಿದರೆ ಕೆಂಪು ಬಾಗಿಲಿನ ಮನೆ. ಆರೈಕೆಯ ಹೆಂಗಸು ಬಾಗಿಲು ತೆಗೆಯುತ್ತಾಳೆ. ಒಳಗೆ ಕಿಟಕಿಯ ಪಕ್ಕ, ಗಾಲಿಕುರ್ಚಿಯಲ್ಲಿ ಎಪ್ಪತ್ನಾಲ್ಕರ ಅಜ್ಜಿ ಕಾದು ಕೂತಿದ್ದಾರೆ. ಬಂದವರು ಮೇಜಿನ ಮೇಲೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅದರ ಮೇಲೆ ಮೈಕು ಇಡುತ್ತಾರೆ. ಅಜ್ಜಿಯ ಕೈ ನಡುಗಿ ಮೇಜು ಅದುರಿದರೆ ಆ ಸದ್ದು ಮಾತಿನೊಳಗೆ ನುಗ್ಗಬಾರದು. ರೆಕಾರ್ಡರ್‌ಗಳು ಎರಡು. ಒಂದು ಕೈಕೊಟ್ಟರೆ ಇನ್ನೊಂದು. ಅಜ್ಜಿ ಆರಕ್ಕೆ ನಡುಕದ ಕಾಯಿಲೆಯ ಮಾತ್ರೆ ನುಂಗಿದ್ದಾರೆ. ಆರೂವರೆಯಿಂದ ಎಂಟರವರೆಗೆ ನಾಲಿಗೆ ಅವರು ಹೇಳಿದಂತೆ ಕೇಳುತ್ತದೆ. ಆಮೇಲೆ ಅದು ತನ್ನಿಚ್ಛೆಯಂತೆ.

ಹೀಗೆ ದೇಶದಿಂದ ದೇಶಕ್ಕೆ ಹೋಗಿ, ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡಿದವರ ಮಾತನ್ನು ಅವರ ಬಾಯಿಂದಲೇ ಕೇಳಿ, ಅಕ್ಷರಕ್ಕೆ ಅಕ್ಷರ ಬರೆದು ತರುವುದು ಇವರ ಕೆಲಸ. ಇವರನ್ನು ಕಳಿಸುವ ಸಂಗ್ರಹಾಲಯದಲ್ಲಿ ಎಲ್ಲರಿಗೂ ಇವರು 'ಸ್ಟೆನೋ ಅಕ್ಕ'. ಹದಿನೈದು ವರ್ಷ, ಇಪ್ಪತ್ತೆರಡು ಪ್ರಯಾಣ, ನೂರ ಅರವತ್ತನಾಲ್ಕು ಜನ. ಅವರಲ್ಲಿ ನಲವತ್ತೊಂದು ಮಂದಿ ಈಗಿಲ್ಲ. ಅಚ್ಚಾದ ಪುಸ್ತಕಗಳಲ್ಲಿ ಸಂಪಾದಕರ ಹೆಸರಿದೆ, ಮುನ್ನುಡಿ ಬರೆದವರ ಹೆಸರಿದೆ. ಇವರ ಪಾಲಿಗೆ ಪ್ರತಿ ಪ್ರಶ್ನೆಯ ಮುಂದೆ 'ಪ್ರ' ಎಂಬ ಒಂದಕ್ಷರ. "ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರಲ್ಲ, ಹಾಗೆ. ನಾನು ಅಡುಗೆ ಮಾಡಿದವಳೂ ಅಲ್ಲ ಬಿಡಿ, ಪಾತ್ರೆ ಹಿಡ್ಕೊಂಡು ನಿಂತವಳು."

ಪಾತ್ರೆ ಹಿಡಿಯುವ ಈ ಕೆಲಸ ಶುರುವಾದದ್ದು ಐದನೇ ವಯಸ್ಸಿಗೆ. ಇವರಿಗಿಂತ ಮೂರು ವರ್ಷ ಚಿಕ್ಕವನಾದ ತಮ್ಮನಿಗೆ ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಬಂದರೂ ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಬರುತ್ತಿದ್ದವು. ಅಮ್ಮ ಒಲೆ ಮುಂದಿನಿಂದ "ಏನಂತೆ ಕಣೇ ಅವನಿಗೆ?" ಎಂದು ಕೂಗುವುದು, ಇವರು "ಬೆನ್ನು ತುರಿಸ್ತಿದೆಯಂತೆ", "ಪಕ್ಕದ್ಮನೆಯವರು ಸುಳ್ಳು ಹೇಳ್ತಿದಾರಂತೆ" ಎಂದು ಬಿಡಿಸಿ ಹೇಳುವುದು. ನೆಂಟರಿಷ್ಟರು ಅವನನ್ನು ಮೂಗ ಎಂದೇ ತಿಳಿದಿದ್ದರು. "ಮೂಗನಾ? ಅವನಷ್ಟು ವಾಚಾಳಿ ನಮ್ಮ ವಂಶದಲ್ಲೇ ಇರ್ಲಿಲ್ಲ. ಕೇಳೋಕೆ ನಾನೊಬ್ಬಳೇ ಇದ್ದೆ, ಅಷ್ಟೇ."

ಇಪ್ಪತ್ಮೂರಕ್ಕೆ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯ ನೌಕರಿ ಸಿಕ್ಕಿತು. ಮದುವೆಯ ಮಾತು ಎರಡು ಸಲ ಬಂದು, ತಮ್ಮನೂ ಜೊತೆಗೆ ಬರುತ್ತಾನೆಂದು ತಿಳಿದೊಡನೆ ಎರಡು ಸಲವೂ ಹೊಸಿಲು ದಾಟದೆ ಹಿಂದಕ್ಕೆ ಹೋಯಿತು. ಹದಿನೈದು ವರ್ಷ ತಲೆ ತಗ್ಗಿಸಿ ಬರೆದರು. ಹದಿನಾರನೆಯ ವರ್ಷ ಒಂದು ಮೊಕದ್ದಮೆ ಬಂತು. ಅಂಗವಿಕಲರ ವಸತಿಗೃಹವೊಂದರಲ್ಲಿ ವಾರ್ಡನ್ ನಿವಾಸಿಗಳನ್ನು ಮಂಚಕ್ಕೆ ಕಟ್ಟಿಹಾಕುತ್ತಾನೆಂಬ ಆರೋಪ. ಅದನ್ನು ಕಣ್ಣಾರೆ ಕಂಡು ಮುಂದೆ ಬಂದ ಸಾಕ್ಷಿ ಒಬ್ಬನೇ, ಅಲ್ಲಿನ ನಿವಾಸಿ. ಅವನ ಮಾತೂ ತಮ್ಮನ ಮಾತಿನಂತೆಯೇ.

ಸಾಕ್ಷಿ ಮುಕ್ಕಾಲು ಗಂಟೆ ಹೇಳಿದ. ವಕೀಲರು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕೊನೆಗೆ ನ್ಯಾಯಾಧೀಶರು ಬರೆಸಿದ್ದು ಎರಡೇ ವಾಕ್ಯ: 'ಸಾಕ್ಷಿಯ ಮಾತು ಅರ್ಥವಾಗುತ್ತಿಲ್ಲ. ಹೇಳಿಕೆ ದಾಖಲಿಸಲು ಸಾಧ್ಯವಾಗಿಲ್ಲ.' ಸ್ಟೆನೋ ಅಕ್ಕ ಅದನ್ನೇ ಬರೆದರು. ಆದರೆ ಆ ಮುಕ್ಕಾಲು ಗಂಟೆಯೂ ಅವರ ಪೆನ್ಸಿಲ್ ಸುಮ್ಮನಿರಲಿಲ್ಲ. ಪುಸ್ತಕದ ಹನ್ನೊಂದು ಹಾಳೆಗಳಲ್ಲಿ ಸಾಕ್ಷಿಯ ಪ್ರತಿ ಮಾತೂ ಇಳಿದಿತ್ತು.

ಎದ್ದು ನಿಂತು ಹೇಳಬಹುದಿತ್ತಲ್ಲ ಎಂದರೆ ಅವರು ತಡಮಾಡದೆ ಉತ್ತರಿಸುತ್ತಾರೆ. "ಮನೇಲಿ ಅಮ್ಮ, ತಮ್ಮ, ಒಂದೇ ಸಂಬಳ ಅಂತ ಕಾರಣ ಕೊಡಬಹುದು. ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದೆ. ನಿಜ ಏನಂದ್ರೆ ಹೆದರಿದೆ. ಆ ಕೋಣೇಲಿ ಅವರ ಮಾತು ಗೊತ್ತಾಗಿದ್ದು ನನಗೊಬ್ಬಳಿಗೇ. ನಾನೇ ಬಾಯಿ ಮುಚ್ಕೊಂಡು ಕೂತಿದ್ದೆ."

ಮೊಕದ್ದಮೆ ಬಿದ್ದುಹೋಯಿತು. ವಾರ್ಡನ್ ಅದೇ ಕೆಲಸಕ್ಕೆ ಮರಳಿದ. ಆರು ವರ್ಷ ಆ ಹನ್ನೊಂದು ಹಾಳೆ ಬೀರುವಿನಲ್ಲಿ ಸೀರೆಗಳ ಕೆಳಗಿದ್ದವು. ಅಮ್ಮ ತೀರಿಕೊಂಡ ಮೇಲೆ ಸ್ವಯಂ ನಿವೃತ್ತಿ ಪಡೆದು, ವಿಳಾಸ ಹುಡುಕಿಕೊಂಡು ಆ ಸಾಕ್ಷಿಯ ಮನೆಗೆ ಹೋದರು. ತಪ್ಪಾಯಿತು ಎನ್ನುವ ಬದಲು, ಹಾಳೆ ತೆಗೆದು ಓದತೊಡಗಿದರು. ಆತ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

"ಒಂದು ಪದ ತಪ್ಪಾಗಿದೆ ಅಕ್ಕ" ಎಂದ ಕೊನೆಗೆ. "'ಹಗ್ಗ' ಅಂತ ಬರ್ದಿದೀರಿ. ನಾನು ಹೇಳಿದ್ದು 'ಪಂಚೆ'. ನಮ್ಮ ಪಂಚೇಲೇ ನಮ್ಮನ್ನ ಕಟ್ತಿದ್ರು."

ಅವರು ಅಲ್ಲೇ ಕೂತು ತಿದ್ದಿದರು.

ಆತ ಅಂಗವಿಕಲರ ಹೋರಾಟದ ನೆನಪುಗಳಿಗಾಗಿ ಎರಡು ಕೋಣೆಯ ಒಂದು ಸಂಗ್ರಹಾಲಯ ಕಟ್ಟುವುದಕ್ಕೆ ಓಡಾಡುತ್ತಿದ್ದ ಕಾಲ ಅದು. ಬೇರೆ ಬೇರೆ ದೇಶಗಳ ಹೋರಾಟಗಾರರು ಅವನಿಗೆ ಪತ್ರದ ಮೂಲಕ ಪರಿಚಯವಿದ್ದರು. ಎಲ್ಲರಿಗೂ ವಯಸ್ಸಾಗುತ್ತಿತ್ತು. ಎಷ್ಟೋ ಜನರ ಮಾತನ್ನು ಪತ್ರಕರ್ತರು 'ಸ್ಪಷ್ಟವಿಲ್ಲ' ಎಂದು ಅರ್ಧಕ್ಕೆ ಕೈಬಿಟ್ಟು ಎದ್ದುಹೋಗಿದ್ದರು. "ನೀವು ಹೋಗಿ ಬನ್ನಿ. ಪಂಡಿತರು ಬೇಡ, ಕಿವಿ ಇದ್ದೋರು ಬೇಕು" ಎಂದ. ತೀರ್ಪುಗಳನ್ನು ಬೆರಳಚ್ಚು ಮಾಡುತ್ತಾ ಕಲಿತ ಪರಭಾಷೆ ಕೈ ಹಿಡಿಯಿತು. ಅವನನ್ನು ಇವರು ಇಂದಿಗೂ ಕರೆಯುವುದು 'ಸಾಕ್ಷಿ ಸಾರ್' ಎಂದೇ.

ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ಒಂಬತ್ತು ಗಂಟೆ ಬೇಕು. ಒಂದೇ ಪದವನ್ನು ನಲವತ್ತು ಸಲ ಕೇಳಿದ್ದೂ ಇದೆ. ಬೆಳಿಗ್ಗೆ ಸಂದರ್ಶನ, ಮಧ್ಯಾಹ್ನದಿಂದ ಕಿವಿಗೆ ಹೆಡ್‌ಫೋನು. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಲೋಟ, ನೀರು ಕಾಯಿಸುವ ಕೆಟಲ್. ಕೆಳಗಿನ ಲಾಂಡ್ರಿ ಯಂತ್ರಗಳು ತಿರುಗಿದರೆ ಮಂಚವೂ ಸಣ್ಣಗೆ ಅದುರುತ್ತದೆ. ನಗರದಲ್ಲಿ ನೋಡುವಂಥದ್ದು ಏನಿದೆ ಎಂದು ಅವರನ್ನು ಕೇಳಬಾರದು. ಇಪ್ಪತ್ತೆರಡು ಪ್ರಯಾಣದಲ್ಲಿ ಅವರು ನೋಡಿರುವುದು ಇಂಥ ಕೋಣೆಗಳನ್ನು, ಮತ್ತು ಮಾತಾಡುವವರ ತುಟಿಗಳನ್ನು.

ಎಂಟು ವರ್ಷದ ಹಿಂದೆ, ಇಂಥದ್ದೇ ಒಂದು ಕೋಣೆಗೆ ಫೋನು ಬಂತು. ತಮ್ಮನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಇವರು ಪ್ರಯಾಣ ಹೋದಾಗ ಅವನನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಹೇಳಿದರು. ಸಿಕ್ಕ ಮೊದಲ ವಿಮಾನ ಹತ್ತಿದರೂ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕೊನೇಲಿ ಏನಾದ್ರೂ ಹೇಳಿದ್ನಾ?" ಎಂದು ಕೇಳಿದರು.

"ಹೇಳ್ತಾನೇ ಇದ್ದ ಕಣಮ್ಮ. ಮಧ್ಯಾಹ್ನ ಪೂರ್ತಿ ಹೇಳಿದ. ನರ್ಸೂ ಕೇಳಿದ್ಲು, ನಾನೂ ಕೇಳಿದೆ. ನಮ್ಗೆ ತಿಳೀಲಿಲ್ಲ" ಎಂದರು ಆಕೆ, ಸೆರಗಿನಿಂದ ಕಣ್ಣೊರೆಸಿಕೊಂಡು.

ಇದನ್ನು ಹೇಳುವಾಗ ಸ್ಟೆನೋ ಅಕ್ಕನ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. "ಜಗತ್ತಿನ ಮಾತೆಲ್ಲ ಹಿಡ್ಕೊಂಡು ಬಂದೆ. ಅವನದ್ದು ಒಂದು ನಿಮಿಷಾನೂ ಹಿಡಿದಿಡ್ಲಿಲ್ಲ. ಮನೇಲೇ ಇರ್ತಾನಲ್ಲ, ಎಲ್ಲಿಗೆ ಹೋಗ್ತಾನೆ ಅಂದ್ಕೊಂಡಿದ್ದೆ." ಆಮೇಲೆ ಏಳು ತಿಂಗಳು ರೆಕಾರ್ಡರ್ ಮುಟ್ಟಲಿಲ್ಲ. ಸಾಕ್ಷಿ ಸಾರ್ ವಾರಕ್ಕೊಮ್ಮೆ ಗಾಲಿಕುರ್ಚಿಯಲ್ಲಿ ಮನೆ ಬಾಗಿಲಿಗೆ ಬಂದು, ಹೊರಡಿ ಎನ್ನದೆ, ಬಿಡಿ ಎನ್ನದೆ, ಚಹಾ ಕುಡಿದು ಹೋಗುತ್ತಿದ್ದ. ಎಂಟನೆಯ ತಿಂಗಳು ಇವರೇ ಚೀಲ ಇಳಿಸಿ ಧೂಳು ಒರೆಸಿದರು. ಈಗ ಪ್ರಯಾಣ ಮುಗಿಸಿ ಮನೆಗೆ ಬಂದರೆ ಮೊದಲೆರಡು ದಿನ ಯಾರ ಜೊತೆಯೂ ಮಾತಿರುವುದಿಲ್ಲ. ಮೂರನೇ ದಿನ ತರಕಾರಿಯವಳ ಹತ್ತಿರ ಬೆಲೆ ಕೇಳಲು ಹೋದಾಗ ಗಂಟಲಿಂದ ಬರೀ ಗಾಳಿ ಬಂದು, ದನಿಯೇ ಹೊರಡದೆ ಬೆಚ್ಚಿದ್ದುಂಟು.

ಕೆಂಪು ಬಾಗಿಲಿನ ಮನೆಯ ಅಜ್ಜಿಗೆ ಇವರಿಟ್ಟ ಹೆಸರು ರೈಲಜ್ಜಿ. ಹರೆಯದಲ್ಲಿ ಅಜ್ಜಿಯೂ ಆರು ಗೆಳೆಯರೂ ಪ್ರತಿ ಬೆಳಿಗ್ಗೆ ಟಿಕೆಟ್ ತೆಗೆದುಕೊಂಡು, ತಮ್ಮ ಗಾಲಿಕುರ್ಚಿ ಹತ್ತಲಾಗದ ರೈಲಿನ ಬಾಗಿಲೆದುರು ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ಕಾಯುತ್ತಿದ್ದರಂತೆ. ಕೂಗಿಲ್ಲ, ಫಲಕವಿಲ್ಲ. ರೈಲು ಹೋದ ಮೇಲೆ ಮನೆಗೆ. ಹೀಗೆ ನೂರ ಹದಿನೇಳು ದಿನ. ಮರುದಿನ ಹಮಾಲಿಯೊಬ್ಬ, ಯಾರ ಅಪ್ಪಣೆಗೂ ಕಾಯದೆ, ಸರಕು ಏರಿಸುವ ಹಲಗೆಯನ್ನು ಎಳೆದು ತಂದು ಡಬ್ಬಿಯ ಬಾಗಿಲಿಗೆ ಹಾಕಿದ.

"ಮೊದಲ್ನೇ ಸಲ ಹತ್ತಿ ಎಲ್ಲಿಗೆ ಹೋದ್ರಿ?" ಸ್ಟೆನೋ ಅಕ್ಕ ಕೇಳುತ್ತಾರೆ.

ಅಜ್ಜಿ ಪದ ಪದವನ್ನೂ ಬಾವಿಯಿಂದ ಸೇದಿದಂತೆ ಮೇಲೆತ್ತುತ್ತಾರೆ. "ಕೊನೇ... ಸ್ಟೇಷನ್‌ಗೆ."

"ಅಲ್ಲೇನಿತ್ತು?"

"ಏನೂ ಇಲ್ಲ. ಮಧ್ಯದಲ್ಲಿ ಇಳಿಯೋಕೆ... ಹಲಗೆ ಇರ್ಲಿಲ್ಲ. ಅದೇ ರೈಲಲ್ಲಿ... ವಾಪಸ್."

ಅಜ್ಜಿಗೆ ನಗು ಉಕ್ಕಿ, ಉಸಿರು ಸಿಕ್ಕಿ, ಗೊರಗೊರ ಸದ್ದು ಹೊರಡುತ್ತದೆ. ಆರೈಕೆಯ ಹೆಂಗಸು ಗಾಬರಿಯಿಂದ ಓಡಿ ಬರುತ್ತಾಳೆ. "ಏನಾಗಿಲ್ಲ, ನಗ್ತಿದಾರೆ" ಎನ್ನುತ್ತಾರೆ ಸ್ಟೆನೋ ಅಕ್ಕ. ಆರು ವರ್ಷದಿಂದ ಜೊತೆಗಿದ್ದರೂ ಅಜ್ಜಿ ನಗುವುದು ಹೀಗೆಂದು ಆಕೆಗೆ ಗೊತ್ತಾದದ್ದು ಅವತ್ತೇ.

ಐದು ಬೆಳಗಿನ ಕೆಲಸ ಅದು. ನಾಲ್ಕು ಬೆಳಗು ಸುಸೂತ್ರ. ಐದನೆಯ ದಿನ ಮಾತ್ರೆ ನಾಟುವುದಿಲ್ಲ. ಅಜ್ಜಿ ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ದವಡೆ ಬಿಗಿದಿದೆ. ಇವತ್ತು ಬೇಡವೇನೋ, ಮೈಕು ತೆಗೆದಿಡಿ ಎಂದು ಆರೈಕೆಯ ಹೆಂಗಸು ಸನ್ನೆ ಮಾಡುತ್ತಾಳೆ. ಅಜ್ಜಿ ಕಣ್ಣಿನಲ್ಲೇ ತೆಗೆಯಬೇಡಿ ಎನ್ನುತ್ತಾರೆ. ಸ್ಟೆನೋ ಅಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಪ್ರಶ್ನೆ ಕೇಳುವುದಿಲ್ಲ, ತಾವಾಗಿ ಏನನ್ನೂ ತುಂಬಿಸುವುದಿಲ್ಲ. ಕಿಟಕಿಯಾಚೆ ಬೀದಿ ಎಚ್ಚರಾಗುತ್ತದೆ. ಎಂಟು ಹೊಡೆಯುವ ಹೊತ್ತಿಗೆ ಅಜ್ಜಿಯ ಕೈ ಮೇಜಿನ ಮೇಲೆ ನಡುಗುತ್ತಾ ಮುಂದೆ ಬಂದು, ಇವರ ಕೈಮೇಲೆ ನಿಲ್ಲುತ್ತದೆ.

ಊರಿಗೆ ಮರಳಿದ ಮೇಲೆ ಸಂಗ್ರಹಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವಾಕೆ ಆ ಧ್ವನಿಯನ್ನು ತೆರೆದು, ಅಲ್ಲಲ್ಲಿ ಕೇಳಿ, ತಲೆಯೆತ್ತುತ್ತಾರೆ. "ಅಕ್ಕ, ಐದನೇ ದಿನದ್ದರಲ್ಲಿ ಏನೂ ಇಲ್ಲ. ಬರೀ ಉಸಿರು. ಅಳಿಸಿಬಿಡ್ಲಾ?"

"ಬೇಡಮ್ಮ. ಇರ್ಲಿ."

"ಏನಂತ ಬರೀಲಿ ಇದಕ್ಕೆ?"

"ಸಂದರ್ಶನ ಅಂತಾನೇ ಬರಿ. ಒಂದೂವರೆ ಗಂಟೆ. ಅವರು ಬಂದು ಕೂತಿದ್ರು, ನಾನು ಎದ್ದು ಹೋಗ್ಲಿಲ್ಲ."